ಐದು ವರ್ಷ ಬಳಸಿದ ಮೇಲೆ: ನಾಕ್ಟುವಾ ಎನ್‌ಎಚ್-ಯು12ಎಸ್ ಹೀಟ್‌ಸಿಂಕ್

ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ನಾಕ್ಟುವಾ ಕಂಪನಿಯ ಎನ್‌ಎಚ್-ಯು12ಎಸ್ ಹೀಟ್‌ಸಿಂಕನ್ನು, ಅಂದರೆ ಪ್ರೊಸೆಸರಿನ ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ತಗಡುಗಳ ಕೂಲರನ್ನು, ಕೂರಿಸಿ ಐದು ವರ್ಷ ದಾಟಿದೆ. ಈ ಅವಧಿಯಲ್ಲಿ ಪ್ರೊಸೆಸರ್ ಒಮ್ಮೆ, ಕ್ಯಾಬಿನೆಟ್ ಎರಡು ಸಲ ಬದಲಾದವು. ಹೀಟ್‌ಸಿಂಕ್ ಮಾತ್ರ ಮೊದಲ ದಿನ ಬಂದ ಫ್ಯಾನಿನ ಸಮೇತ ಹಾಗೆಯೇ ಇದೆ. ಕೊಂಡ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಉಷ್ಣಾಂಶ ಎಷ್ಟು ಡಿಗ್ರಿ ಇಳಿಯಿತು ಎಂಬುದನ್ನೇ ದೊಡ್ಡದು ಮಾಡುತ್ತಿದ್ದೆನೇನೋ. ಈಗ ಆ ಅಂಕಿಗಳಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಒಳ್ಳೆಯ ಹೀಟ್‌ಸಿಂಕ್‌ಗೆ ನಾವು ಹಣ ತೆರುವುದು ಫ್ಯಾನನ್ನು ನಿಧಾನವಾಗಿ, ಆದಷ್ಟು ಒಂದೇ ವೇಗದಲ್ಲಿ ತಿರುಗಿಸುವ ಅನುಕೂಲಕ್ಕಾಗಿ ಎಂಬುದು ಅರ್ಥವಾಗಲು ನನಗೆ ಒಂದು ತಪ್ಪು ಖರೀದಿ ಮತ್ತು ಹಲವು ತಿಂಗಳು ಬೇಕಾದವು.

ನನ್ನ ಕೆಲಸ ಧ್ವನಿಮುದ್ರಣಗಳನ್ನು ತಿದ್ದುವುದು. ಮಾತಿನ ನಡುವಿನ ಮೌನವನ್ನು, ಉಸಿರೆಳೆದುಕೊಳ್ಳುವ ಸದ್ದನ್ನು ಕಿವಿಗೊಟ್ಟು ಕೇಳಬೇಕಾದ ಕೆಲಸವಾದ್ದರಿಂದ ಕಂಪ್ಯೂಟರಿನ ಸದ್ದು ನನಗೆ ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಪ್ರೊಸೆಸರ್ ಜೊತೆಗೆ ಪೆಟ್ಟಿಗೆಯಲ್ಲೇ ಬಂದಿದ್ದ ಪುಟ್ಟ ಕೂಲರ್ ತನ್ನ ಕೆಲಸವನ್ನೇನೋ ಮಾಡುತ್ತಿತ್ತು. ಪ್ರೊಸೆಸರ್ ಯಾವತ್ತೂ ಅಪಾಯದ ಮಟ್ಟಕ್ಕೆ ಬಿಸಿಯಾಗಲಿಲ್ಲ. ಆದರೆ ಬ್ರೌಸರಿನಲ್ಲಿ ಹೊಸ ಪುಟವೊಂದು ತೆರೆದರೆ ಸಾಕು, ಫ್ಯಾನ್ ಒಮ್ಮೆ ಗುಂಯ್ ಎಂದು ಏರಿ, ಎರಡು ಕ್ಷಣದಲ್ಲಿ ಇಳಿಯುತ್ತಿತ್ತು. ದಿನವಿಡೀ ಈ ಏರಿಳಿತ. ಒಂದೇ ಸಮನಾಗಿ ಕೇಳಿಸುವ ಸದ್ದನ್ನು ಕಿವಿ ಸ್ವಲ್ಪ ಹೊತ್ತಿನಲ್ಲಿ ಮರೆತುಬಿಡುತ್ತದೆ, ಆದರೆ ಬದಲಾಗುವ ಸದ್ದು ಎಷ್ಟೇ ಚಿಕ್ಕದಿದ್ದರೂ ಪ್ರತಿ ಸಲವೂ ಗಮನ ಎಳೆಯುತ್ತದೆ.

ಆಗ ಮಾಡಿದ ತಪ್ಪು ಖರೀದಿಯ ಬಗ್ಗೆ ಎರಡು ಮಾತು. ಡಬ್ಬದ ಮೇಲೆ ಅತಿ ಕಡಿಮೆ ಡೆಸಿಬೆಲ್ ನಮೂದಿಸಿದ್ದ ಒಂದು ಕೂಲರ್ ತಂದೆ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಗಾಳಿಯ ಸದ್ದು ನಿಜಕ್ಕೂ ಕಡಿಮೆಯಿತ್ತು. ಆದರೆ ವೇಗ ಇಳಿಸಿದಾಗ ಮೋಟಾರಿನಿಂದ ಸಣ್ಣಗೆ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು, ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಬೇರಿಂಗ್ ಕೂಡ ಸವೆದು, ಚಳಿಯ ಬೆಳಗಿನಲ್ಲಿ ಕಂಪ್ಯೂಟರ್ ಶುರುವಾದ ಮೊದಲ ಹತ್ತು ನಿಮಿಷ ಕಿರ್ರ್ ಎನ್ನತೊಡಗಿತು. ಡಬ್ಬದ ಮೇಲಿನ ಡೆಸಿಬೆಲ್ ಅಂಕಿಯನ್ನು ನಂಬಿ ಕೊಳ್ಳುವವರಿಗೆ ನಾನು ಹೇಳುವುದಿಷ್ಟೇ: ಎಷ್ಟು ದೂರದಿಂದ, ಯಾವ ವೇಗದಲ್ಲಿ, ಹೀಟ್‌ಸಿಂಕ್‌ಗೆ ಕಟ್ಟಿ ಅಳೆದದ್ದೋ ಬರಿ ಫ್ಯಾನನ್ನು ಅಳೆದದ್ದೋ ಎಂಬುದು ತಿಳಿಯದೆ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಅದೇ ಫ್ಯಾನು ಬಯಲಲ್ಲಿ ತಿರುಗುವಾಗ ಒಂದು ಬಗೆ, ಒತ್ತಾಗಿ ಜೋಡಿಸಿದ ತಗಡುಗಳ ನಡುವೆ ಗಾಳಿ ನೂಕುವಾಗ ಇನ್ನೊಂದು ಬಗೆ. ಗುನುಗು, ಟಿಕ್ಕು, ಕಿರುಗುಟ್ಟುವಿಕೆಗಳೆಲ್ಲ ಆ ಒಂದೇ ಅಂಕಿಯೊಳಗೆ ಅಡಗಿ ಕೂತಿರುತ್ತವೆ.

ಎರಡನೆಯ ಸಲ ಬೇರೆ ದಾರಿಯಿಂದ ಹೊರಟೆ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ; 10 ಡೆಸಿಬೆಲ್ ತಗ್ಗಿದರೇ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಗಾಳಿಯ ಪ್ರಮಾಣ ಮಾತ್ರ ವೇಗಕ್ಕೆ ತಕ್ಕಂತೆ ಅರ್ಧಕ್ಕಷ್ಟೇ ಇಳಿಯುತ್ತದೆ. ಆದ್ದರಿಂದ ಕಡಿಮೆ ಗಾಳಿಯಲ್ಲೂ ಶಾಖವನ್ನು ಹೊರಹಾಕಬಲ್ಲ, ಹೆಚ್ಚು ಮೇಲ್ಮೈಯುಳ್ಳ ಹೀಟ್‌ಸಿಂಕ್ ಸಿಕ್ಕಿದರೆ ಮಿಕ್ಕದ್ದೆಲ್ಲ ಸುಲಭ. ತಗಡುಗಳನ್ನು ಗೋಪುರದಂತೆ ಪೇರಿಸಿದ ಈಗಿನ ಟವರ್ ಮಾದರಿಯ ಹೀಟ್‌ಸಿಂಕ್‌ಗಳಲ್ಲಿ ಈ ಕೆಲಸದ ಮುಖ್ಯ ಪಾಲು ಹೀಟ್‌ಪೈಪುಗಳದ್ದು. ತಾಮ್ರದ ಮುಚ್ಚಿದ ಕೊಳವೆಯೊಳಗೆ ಕಡಿಮೆ ಒತ್ತಡದಲ್ಲಿ ತುಸು ದ್ರವವಿರುತ್ತದೆ; ಪ್ರೊಸೆಸರಿನ ಬಳಿಯ ತುದಿಯಲ್ಲಿ ಅದು ಆವಿಯಾಗಿ, ತಗಡುಗಳ ಬಳಿಯ ತುದಿಯಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಬಟ್ಟೆಗೆ ನೀರು ಏರುವ ಹಾಗೆ ಬುಡಕ್ಕೆ ಮರಳುತ್ತದೆ. ಇದರಲ್ಲಿ ಸವೆಯುವ ಭಾಗ ಒಂದೂ ಇಲ್ಲ. ನೀರು ಹರಿಸಿ ತಂಪು ಮಾಡುವ ವ್ಯವಸ್ಥೆಯನ್ನು ನಾನು ಕೈಬಿಟ್ಟದ್ದೂ ಇದೇ ಕಾರಣಕ್ಕೆ: ಅದರಲ್ಲಿ ಪಂಪ್ ಒಂದಿರುತ್ತದೆ, ಅದು ಕಂಪ್ಯೂಟರ್ ಸುಮ್ಮನಿದ್ದಾಗಲೂ ತಿರುಗುತ್ತಿರುತ್ತದೆ.

ಎನ್‌ಎಚ್-ಯು12ಎಸ್‌ನಲ್ಲಿ ಐದು ಹೀಟ್‌ಪೈಪುಗಳಿವೆ, 120 ಮಿಲಿಮೀಟರಿನ ಒಂದು ಫ್ಯಾನಿದೆ, ಒಟ್ಟು ತೂಕ 755 ಗ್ರಾಂ. ಫ್ಯಾನಿನ ಗರಿಷ್ಠ ವೇಗ ನಿಮಿಷಕ್ಕೆ 1500 ಸುತ್ತು. ಇದೇ ಕಂಪನಿಯ ಎನ್‌ಎಚ್-ಡಿ15 ಇದಕ್ಕಿಂತ ಬಲವಾದದ್ದೆಂಬುದರಲ್ಲಿ ಅನುಮಾನವಿಲ್ಲ. ಆರು ಹೀಟ್‌ಪೈಪು, ಎರಡು ಗೋಪುರ, 140 ಮಿಲಿಮೀಟರಿನ ಎರಡು ಫ್ಯಾನುಗಳು. ಆದರೆ ಅದರ ಎತ್ತರ 165 ಮಿಲಿಮೀಟರ್, ತೂಕ 1320 ಗ್ರಾಂ, ಮೇಲಾಗಿ ಅದು ಮೆಮೊರಿ ಪಟ್ಟಿಗಳ ಮೇಲಕ್ಕೆ ಚಾಚಿಕೊಳ್ಳುತ್ತದೆ. ಯು12ಎಸ್ ತೆಳ್ಳಗಿರುವುದರಿಂದ ನನ್ನ ಮದರ್‌ಬೋರ್ಡಿನಲ್ಲಿ ನಾಲ್ಕೂ ಮೆಮೊರಿ ಜಾಗಗಳು ತೆರೆದೇ ಇವೆ, ಹೀಟ್‌ಸಿಂಕ್ ಬಿಚ್ಚದೆಯೇ ಮೆಮೊರಿ ಬದಲಿಸಬಹುದು. ಈ ಅನುಕೂಲದ ಬೆಲೆ ಅಂಗಡಿಯಲ್ಲಿ ನಿಂತಾಗ ತಿಳಿಯುವುದಿಲ್ಲ. ಎತ್ತರ 158 ಮಿಲಿಮೀಟರ್ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ಕ್ಯಾಬಿನೆಟ್ಟಿನ ವಿವರಗಳ ಜೊತೆ ತಾಳೆ ನೋಡಬೇಕು. ನಾನು ಒಮ್ಮೆ ಚಿಕ್ಕ ಕ್ಯಾಬಿನೆಟ್ ತಂದು, ಪಕ್ಕದ ಬಾಗಿಲು ಪೈಪಿನ ತುದಿಗೆ ತಾಗಿ ನಾಲ್ಕು ಮಿಲಿಮೀಟರಿನಷ್ಟು ಮುಚ್ಚದೆ ಉಳಿದದ್ದನ್ನು ನೋಡುತ್ತ ನಿಂತವನು.

ಹಳೆಯ ಕೂಲರನ್ನು ತೆಗೆಯುವಾಗ ಆದ ಅವಘಡವನ್ನು ಹೇಳಲೇಬೇಕು, ಏಕೆಂದರೆ ಪ್ರೊಸೆಸರಿನ ಅಡಿಯಲ್ಲೇ ಪಿನ್ನುಗಳಿರುವ ಬಗೆಯ ಸಾಕೆಟ್ ಬಳಸುವ ಯಾರಿಗಾದರೂ ಇದು ಆಗಬಹುದು. ಸ್ಕ್ರೂಗಳನ್ನೆಲ್ಲ ಬಿಚ್ಚಿ ಕೂಲರನ್ನು ನೇರ ಮೇಲಕ್ಕೆ ಎಳೆದೆ. ಪ್ರೊಸೆಸರ್ ಮತ್ತು ಕೂಲರಿನ ನಡುವೆ ಬಳಿದ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತೆ ಹಿಡಿದಿದ್ದರಿಂದ, ಸಾಕೆಟ್ಟಿನ ಸನ್ನೆ ಮುಚ್ಚಿಕೊಂಡೇ ಇದ್ದರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಲಟಕ್ಕನೆ ಕಿತ್ತುಬಂತು. ಬೆಳಕಿಗೆ ಹಿಡಿದು ನೋಡಿದರೆ ಒಂದು ಮೂಲೆಯಲ್ಲಿ ಮೂರು ಪಿನ್ನುಗಳು ಓರೆಯಾಗಿದ್ದವು. ಸೀಸದ ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಟೊಳ್ಳು ಮೂತಿಯನ್ನು ಒಂದೊಂದೇ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಬಾಗಿಸುತ್ತ ನೇರ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಅದೃಷ್ಟಕ್ಕೆ ಕಂಪ್ಯೂಟರ್ ಶುರುವಾಯಿತು. ಮುಂದೆ ಪ್ರೊಸೆಸರ್ ಬದಲಿಸುವಾಗ ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಪೇಸ್ಟನ್ನು ಬಿಸಿಮಾಡಿಕೊಂಡು, ಕಂಪ್ಯೂಟರ್ ಆರಿಸಿ, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ ಸಡಿಲಗೊಂಡ ಮೇಲೆಯೇ ಎತ್ತಿದೆ. ಯಾವ ತೊಂದರೆಯೂ ಆಗಲಿಲ್ಲ.

ಹೊಸದನ್ನು ಕೂರಿಸುವುದು ಇದಕ್ಕೆ ಹೋಲಿಸಿದರೆ ಸರಾಗ. ಮದರ್‌ಬೋರ್ಡಿನ ಮೇಲೆ ಎರಡು ಪಟ್ಟಿಗಳನ್ನು ಸ್ಕ್ರೂಗಳಿಂದ ಬಿಗಿದು, ಪ್ರೊಸೆಸರಿನ ಮಧ್ಯದಲ್ಲಿ 4-5 ಮಿಲಿಮೀಟರ್ ಅಗಲದ ಪೇಸ್ಟಿನ ಒಂದು ಬೊಟ್ಟು ಇಟ್ಟು, ಹೀಟ್‌ಸಿಂಕ್ ಇರಿಸಿ, ಎರಡು ಬದಿಯ ಸ್ಕ್ರೂಗಳನ್ನು ಸರದಿಯಂತೆ ಒಂದೊಂದು ಸುತ್ತು ತಿರುಗಿಸುತ್ತ ಹೋದರಾಯಿತು. ಸ್ಕ್ರೂ ತಾನಾಗಿ ನಿಲ್ಲುವಲ್ಲಿಗೆ ಬಿಗಿತ ಸರಿಯಾಗಿರುತ್ತದೆ. ಪೇಸ್ಟ್ ಹೆಚ್ಚು ಬಳಿದರೆ ಹೆಚ್ಚು ತಂಪು ಎಂದು ನಂಬಿದವರು ಇನ್ನೂ ಇದ್ದಾರೆ. ಪೇಸ್ಟ್ ಶಾಖವನ್ನು ಸಾಗಿಸುವುದರಲ್ಲಿ ತಾಮ್ರದ ಹತ್ತಿರಕ್ಕೂ ಬರುವುದಿಲ್ಲ. ಎರಡು ಲೋಹಗಳ ನಡುವಿನ ಸಣ್ಣ ಉಬ್ಬುತಗ್ಗುಗಳಲ್ಲಿ ಗಾಳಿ ನಿಲ್ಲದಂತೆ ತುಂಬಿಕೊಳ್ಳುವುದಷ್ಟೇ ಅದರ ಕೆಲಸ.

ಇನ್ನು ನಿಜವಾದ ಗುಟ್ಟು ಇರುವ ಜಾಗ, ಬಯಾಸ್‌ನ (ಮದರ್‌ಬೋರ್ಡಿನಲ್ಲೇ ಇರುವ ಮೂಲ ತಂತ್ರಾಂಶದ) ಫ್ಯಾನ್ ಹೊಂದಾಣಿಕೆ. ಹೀಟ್‌ಸಿಂಕ್ ಎಷ್ಟೇ ದೊಡ್ಡದಿರಲಿ, ಮದರ್‌ಬೋರ್ಡ್ ತಾನಾಗಿ ಇಟ್ಟುಕೊಂಡ ಹೊಂದಾಣಿಕೆಯಲ್ಲೇ ಬಿಟ್ಟರೆ ಅದೇ ಹಳೆಯ ಏರಿಳಿತ ಮರಳುತ್ತದೆ. ನನಗೆ ಮೊದಲ ವಾರ ಆದದ್ದು ಅದೇ, ಹಣ ದಂಡವಾಯಿತೇನೋ ಅನಿಸಿತ್ತು. ಈಗಿನ ಪ್ರೊಸೆಸರುಗಳ ಚಿಪ್ ಬಹಳ ಚಿಕ್ಕದು. ಒಂದು ಕ್ಷಣದ ಕೆಲಸಕ್ಕೂ ಅದರೊಳಗಿನ ಉಷ್ಣಾಂಶ ಹತ್ತು ಹದಿನೈದು ಡಿಗ್ರಿ ಜಿಗಿಯುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಮುಕ್ಕಾಲು ಕಿಲೋ ತೂಗುವ ಹೀಟ್‌ಸಿಂಕ್ ಆ ಕ್ಷಣದಲ್ಲಿ ಬೆಚ್ಚಗೂ ಆಗಿರುವುದಿಲ್ಲ, ಹೀಗಿರುವಾಗ ಫ್ಯಾನ್ ಓಡಿ ಪ್ರಯೋಜನವೇನು? ಹಾಗಾಗಿ 65 ಡಿಗ್ರಿಯವರೆಗೆ ಫ್ಯಾನ್ 600 ಸುತ್ತಿನಲ್ಲೇ ಇರುವಂತೆ, ಅಲ್ಲಿಂದ 80 ಡಿಗ್ರಿಯವರೆಗೆ ನಿಧಾನವಾಗಿ 950ಕ್ಕೆ ಏರುವಂತೆ, ವೇಗ ಬದಲಿಸುವ ಮೊದಲು ಕೆಲವು ಸೆಕೆಂಡು ಕಾಯುವಂತೆ ಗೆರೆ ಎಳೆದೆ. 80 ದಾಟಿದರೆ ಪೂರ್ಣ ವೇಗಕ್ಕೆ ಬಿಟ್ಟಿದ್ದೇನೆ. ಅದು ಮುನ್ನೆಚ್ಚರಿಕೆಗೆ ಮಾತ್ರ. ಬರವಣಿಗೆ, ಬ್ರೌಸರ್, ಧ್ವನಿ ತಿದ್ದುವ ಕೆಲಸಗಳಲ್ಲಿ ಫ್ಯಾನ್ 600 ಬಿಟ್ಟು ಮೇಲೇರುವುದಿಲ್ಲ. ಉದ್ದದ ವಿಡಿಯೊ ಒಂದನ್ನು ಅರ್ಧ ಗಂಟೆ ಪರಿವರ್ತಿಸುವಾಗ ಉಷ್ಣಾಂಶ 72ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಕೋಣೆ ಎಷ್ಟು ಡಿಗ್ರಿ ಬಿಸಿಯೇರುತ್ತದೆಯೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಇದನ್ನು ಯಾವ ಹೀಟ್‌ಸಿಂಕೂ ತಪ್ಪಿಸಲಾರದು. ಮೊದಲೆಲ್ಲ 72 ಎಂಬ ಅಂಕಿ ಕಂಡರೆ ಎದೆ ಧಸಕ್ ಎನ್ನುತ್ತಿತ್ತು. 95 ಡಿಗ್ರಿಯವರೆಗೆ ತಾಳುವಂತೆ ರೂಪಿಸಿದ ಪ್ರೊಸೆಸರನ್ನು 60ರಲ್ಲಿಡಲು ಕಿವಿಯನ್ನು ಬಲಿಕೊಡುವುದು ಏತಕ್ಕೆ ಎಂದು ಈಗ ಅನಿಸುತ್ತದೆ.

ಈ ಫ್ಯಾನ್ ಸುಮ್ಮನಾದ ಮೇಲೆ, ಅದುವರೆಗೆ ಅದರ ಸದ್ದಿನ ಮರೆಯಲ್ಲಿದ್ದವೆಲ್ಲ ಒಂದೊಂದಾಗಿ ಕೇಳಿಸತೊಡಗಿದವು. ಕ್ಯಾಬಿನೆಟ್ಟಿನ ಹಿಂದಿನ ಫ್ಯಾನ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್; ಯಾವುದರ ಸದ್ದು ಯಾವುದೆಂದು ತಿಳಿಯಲು ದಪ್ಪ ಕಾಗದವೊಂದನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಒಂದೊಂದು ಭಾಗದ ಹತ್ತಿರ ಒಯ್ಯುವುದು ಒಳ್ಳೆಯ ಉಪಾಯ, ಅಲಗುಗಳಿಗೆ ತಾಗಿಸಬಾರದು ಅಷ್ಟೇ. ನನ್ನಲ್ಲಿ ಕಾಡುತ್ತಿದ್ದದ್ದು ಹಾರ್ಡ್ ಡಿಸ್ಕ್: ಅದರ ನಡುಕ ಕ್ಯಾಬಿನೆಟ್ಟಿನ ತಗಡಿಗೆ ಹತ್ತಿ, ತಗಡಿನಿಂದ ಮೇಜಿಗೆ ಇಳಿದು, ಮೇಜೇ ಗುನುಗುತ್ತಿತ್ತು. ರಬ್ಬರಿನ ಮೆತ್ತೆಗಳ ಮೇಲೆ ಕೂರಿಸಿದ ಮೇಲೆ ನಿಂತಿತು. ಪ್ರೊಸೆಸರಿನ ಹೀಟ್‌ಸಿಂಕ್ ಒಂದನ್ನೇ ಬದಲಿಸಿ ಇಡೀ ಕಂಪ್ಯೂಟರ್ ಮೌನವಾಗಲಿ ಎಂದು ಕಾಯುವವರಿಗೆ ನಿರಾಶೆ ಖಚಿತ.

ನಿರ್ವಹಣೆ ಎಂದರೆ ನಾಲ್ಕು ತಿಂಗಳಿಗೊಮ್ಮೆ ಧೂಳು ತೆಗೆಯುವುದು. ತಂತಿಯ ಎರಡು ಕೊಕ್ಕೆಗಳನ್ನು ಸರಿಸಿದರೆ ಫ್ಯಾನ್ ಕಳಚುತ್ತದೆ; ತಗಡುಗಳ ಮುಂಬದಿಗೆ ಕಟ್ಟಿಕೊಂಡ ಬೂದುಬಣ್ಣದ ಜಮಖಾನದಂಥ ಪದರವನ್ನು ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಎಳೆದು ತೆಗೆಯುತ್ತೇನೆ. ಗಾಳಿ ಊದುವಾಗ ಫ್ಯಾನಿನ ಅಲಗನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಬೇರಿಂಗ್‌ಗೆ ಪೆಟ್ಟಾಗುತ್ತದೆ. ಐದು ವರ್ಷದ ಬಳಿಕವೂ 600 ಸುತ್ತಿನಲ್ಲಿ ಕಿವಿಯನ್ನು ಒಂದು ಗೇಣು ದೂರಕ್ಕೆ ತಂದರೆ ಮಾತ್ರ ಗಾಳಿಯ ಸುಯ್ ಕೇಳುತ್ತದೆ, ಟಿಕ್ಕೆನ್ನುವುದಿಲ್ಲ. ಕಂಪನಿ ಆರು ವರ್ಷದ ವಾರಂಟಿ ಕೊಟ್ಟಿತ್ತು. ಇದುವರೆಗೆ ಅದರ ನೆನಪು ಮಾಡಿಕೊಳ್ಳುವ ಪ್ರಸಂಗ ಬರಲಿಲ್ಲ.

ಯಾರಿಗೆ ಇದು ಬೇಡ? ಫ್ಯಾನಿನ ಆ ಕಂದು-ಕೆನೆ ಬಣ್ಣವನ್ನು ನೋಡಲಾಗದವರಿಗೆ ಕಪ್ಪು ಬಣ್ಣದ ಆವೃತ್ತಿ ಇದೆ. ನನ್ನ ಕ್ಯಾಬಿನೆಟ್ಟಿಗೆ ಗಾಜಿನ ಬಾಗಿಲಿಲ್ಲ, ಆದ್ದರಿಂದ ಆ ಜಗಳವೂ ಇಲ್ಲ. ಶಕ್ತಿಯ ವಿಷಯ ಅದಕ್ಕಿಂತ ಮುಖ್ಯ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಪ್ರೊಸೆಸರುಗಳಲ್ಲಿ 65 ವ್ಯಾಟ್ ಎಂದು ನಮೂದಾಗಿರುವುದು ಪೂರ್ಣ ಭಾರದಲ್ಲಿ 88 ವ್ಯಾಟಿನವರೆಗೂ, 105 ವ್ಯಾಟಿನದು 142ರವರೆಗೂ ಎಳೆದುಕೊಳ್ಳುವಂತೆ ಇರುತ್ತದೆ. ಮೊದಲನೆಯ ಬಗೆಗೆ ಈ ಹೀಟ್‌ಸಿಂಕ್ ಸದ್ದಿಲ್ಲದೆ ಸಾಕು. ಎರಡನೆಯದನ್ನು ಗಂಟೆಗಟ್ಟಲೆ ದುಡಿಸುವವರು ಎನ್‌ಎಚ್-ಡಿ15ರಷ್ಟು ದೊಡ್ಡದಕ್ಕೆ ಹೋಗುವುದು ಅಥವಾ ಬಯಾಸ್‌ನಲ್ಲಿ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ಇಳಿಸಿಕೊಳ್ಳುವುದು ಒಳ್ಳೆಯದು. ನಾನು ಈಗಿನ ಎಂಟು ಕೋರ್ ಪ್ರೊಸೆಸರಿಗೆ ಮಿತಿ ಇಳಿಸುವ ದಾರಿಯನ್ನೇ ಹಿಡಿದಿದ್ದೇನೆ; ವಿಡಿಯೊ ಪರಿವರ್ತನೆಗೆ ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ, ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ.

ಮುಂದಿನ ವರ್ಷ ಮದರ್‌ಬೋರ್ಡ್ ಬದಲಿಸುವ ಯೋಚನೆಯಿದೆ. ಎಎಂ4ಗೆಂದು ಬಂದಿದ್ದ ಪಟ್ಟಿಗಳೇ ಎಎಂ5 ಸಾಕೆಟ್ಟಿಗೂ ಹೊಂದುತ್ತವೆ. ಅವುಗಳ ಸ್ಕ್ರೂಗಳಿದ್ದ ಪೊಟ್ಟಣವನ್ನು ಹಳೆಯ ಡಬ್ಬದಿಂದ ಹುಡುಕಿ ತೆಗೆದು ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.