ಸ್ಟೋರಿವೀವರ್ ಎರಡು ವರ್ಷ ಬಳಸಿದ ಮೇಲೆ: ಓದೋಕೆ ಕಷ್ಟಪಡೋ ಮಗು ಇರೋ ನಮ್ಮ ಮನೆ ಅನುಭವ

ಎರಡನೇ ಕ್ಲಾಸ್ ಮುಗಿಯೋ ಹೊತ್ತಿಗೆ ನಮ್ಮ ಮಗ ಕಾಗುಣಿತ ಪೂರ್ತಿ ಬಾಯಲ್ಲಿ ಹೇಳ್ತಿದ್ದ, ಕ ಕಾ ಕಿ ಕೀ ಅಂತ ರಾಗವಾಗಿ, ಒಂದೂ ತಪ್ಪಿಲ್ದೆ. ಆದ್ರೆ ಬರೀ ‘ಕೋ’ ಅಂತ ಬರೆದು ಇದೇನಪ್ಪಾ ಅಂದ್ರೆ ಮೊದಲಿಂದ ಶುರು ಮಾಡಿ ಬೆರಳು ಮಡಿಸ್ಕೊಂಡು ಅಲ್ಲಿವರೆಗೂ ಬರ್ಬೇಕಿತ್ತು, ಒಂದೊಂದ್ಸಲ ಬೆರಳು ತಪ್ಪಿ ‘ಕೌ’ಗೆ ಹೋಗಿ ನಿಂತ್ಕೋತಿದ್ದ. ಪಾಠದ ಪುಸ್ತಕ ಕೊಟ್ರೆ ಗಡಗಡ ಓದ್ತಿದ್ದ, ನಾನೂ ಖುಷಿ ಪಟ್ಕೊಂಡಿದ್ದೆ, ಒಂದಿನ ಪುಸ್ತಕ ತಲೆಕೆಳಗೆ ಮಾಡಿ ಬೇರೆ ಪುಟ ತೆಗೆದು ಕೊಟ್ಟೆ, ಅದೇ ಹಳೇ ಪಾಠನೇ ಹೇಳ್ದ. ಎಲ್ಲಾ ಕೇಳಿ ಬಾಯಿಪಾಠ ಮಾಡ್ಕೊಂಡಿದ್ದ ಮಗು. ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ನಾವಿರೋದು ನಂಜನಗೂಡು, ನಾನು ಮನೇಲೇ ಬ್ಲೌಸ್ ಹೊಲೀತೀನಿ, ಯಜಮಾನ್ರು ಫ್ಯಾಕ್ಟರಿಗೆ ಹೋಗ್ತಾರೆ. ತಿಂಗಳಿಗೆ ಇಷ್ಟೇ ಅಂತ ಲೆಕ್ಕ ಇಟ್ಕೊಂಡು ಬದುಕೋ ಮನೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಇಂಥ ಮಕ್ಕಳಿಗೆ ಏನು ಮಾಡ್ಬೇಕು ಅಂತ ಹುಡುಕಿದ್ರೆ ಸಿಗೋದೆಲ್ಲ ಬೆಂಗಳೂರಿನ ದೊಡ್ಡ ದೊಡ್ಡ ಸೆಂಟರ್‌ಗಳೇ, ಅಲ್ಲಿನ ಫೀಸ್ ಕೇಳಿದ್ರೆ ನಮ್ಮಂಥೋರು ಫೋನ್ ಇಟ್ಬಿಡ್ಬೇಕು. ಅದಕ್ಕೆ ಕಮ್ಮಿ ದುಡ್ಡಲ್ಲಿ ನಮಗೆ ಏನು ಕೆಲಸಕ್ಕೆ ಬಂತು, ಏನು ಬರ್ಲಿಲ್ಲ ಅಂತ ಎರಡು ವರ್ಷ ಕಳೆದ ಮೇಲೆ ಬರೀತಿದೀನಿ. ಕೆಲಸಕ್ಕೆ ಬಂದಿದ್ದು ಸ್ಟೋರಿವೀವರ್, ಫೋನಲ್ಲೇ ಫ್ರೀಯಾಗಿ ಸಿಗೋ ಮಕ್ಕಳ ಕಥೆ ಪುಸ್ತಕಗಳು.

ಮೊದಲು ದುಡ್ಡು ಕಳ್ಕೊಂಡಿದ್ದು ಹೇಳ್ತೀನಿ. ಸ್ಕೂಲಲ್ಲಿ ‘ಗಮನ ಕೊಡಲ್ಲ, ಮನೇಲಿ ಓದಿಸಿ’ ಅಂದ್ರು. ಪಕ್ಕದ ಬೀದೀಲಿ ಟ್ಯೂಷನ್‌ಗೆ ಹಾಕಿದ್ವಿ, ಅಲ್ಲಿ ಹತ್ತು ಸಲ ಬರೆಸಿದ್ರು, ಅವನು ಹತ್ತು ಸಲ ಚೆಂದಕ್ಕೆ ಬರ್ಕೊಂಡು ಬಂದ, ಬರೆದಿದ್ದನ್ನ ಓದು ಅಂದ್ರೆ ಬರಲ್ಲ. ಆಮೇಲೆ ಮೈಸೂರಲ್ಲಿ ಒಂದು ಸೆಂಟರ್, ಹೆಸರು ಬೇಡ ಬಿಡಿ, ತಿಂಗಳಿಗೆ 4500, ವಾರಕ್ಕೆ ಎರಡು ದಿನ, ಮೇಲೆ ಬಸ್ ಚಾರ್ಜು, ನನ್ನ ಎರಡು ಮಧ್ಯಾಹ್ನದ ಹೊಲಿಗೆ ಕೆಲಸ ಹೋಯ್ತು. ಐದು ತಿಂಗಳು ಕಳಿಸಿದ್ವಿ. ಕಂಪ್ಯೂಟರ್ ಮುಂದೆ ಕೂರಿಸಿ ಬಣ್ಣದ ಚೆಂಡು ಹಿಡಿಯೋ ಆಟ ಆಡಿಸ್ತಿದ್ರು, ಮೆದುಳು ಚುರುಕಾಗುತ್ತೆ ಅಂತ. ಆಟದಲ್ಲಿ ಚೆನ್ನಾಗೇ ಪಾಯಿಂಟ್ ತಗೊಂಡ, ಓದೋದು ಇದ್ದಲ್ಲೇ ಇತ್ತು. ಯಾಕಿರಲ್ಲ, ಅಕ್ಷರ ಮುಟ್ಟದೇನೇ ಓದು ಹೆಂಗೆ ಬರುತ್ತೆ. ಇನ್ನೊಬ್ರು ಕಣ್ಣಿಗೆ ಬಟ್ಟೆ ಕಟ್ಟಿ ಓದಿಸೋದು ಕಲಿಸ್ತೀವಿ ಅಂತ ಡೆಮೊಗೆ ಕರೆದಿದ್ರು. ಅಲ್ಲಿಗೆ ಹೋಗ್ಲಿಲ್ಲ, ನೀವೂ ದಯವಿಟ್ಟು ಹೋಗ್ಬೇಡಿ, ಕಣ್ಣು ಮುಚ್ಚಿ ಓದೋಕೆ ಯಾವ ಮನುಷ್ಯನಿಗೂ ಆಗಲ್ಲ, ಮೂಗಿನ ಪಕ್ಕದ ಸಂದೀಲಿ ನೋಡೋದು ಅಷ್ಟೇ.

ದಾರಿ ಸಿಕ್ಕಿದ್ದು ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೇಲಿ. ಕಿವಿ ಕೇಳಿಸದೋರು, ಮಾತು ತೊದಲೋರು ಮಾತ್ರ ಅಲ್ಲಿಗೆ ಹೋಗೋದು ಅಂತ ನಾನು ಅನ್ಕೊಂಡಿದ್ದೆ, ಓದು ಬರೆಯೋ ತೊಂದರೆಗೂ ಅಲ್ಲಿ ಪರೀಕ್ಷೆ ಮಾಡ್ತಾರೆ. ಕೇಂದ್ರ ಸರ್ಕಾರದ್ದು, ಚಾರ್ಜು ಹೊರಗಡೆಗೆ ಹೋಲಿಸಿದ್ರೆ ಏನೇನೂ ಅಲ್ಲ, ಕಮ್ಮಿ ಆದಾಯದೋರಿಗೆ ರಿಯಾಯಿತಿನೂ ಇದೆ, ಹೋಗೋವಾಗ ರೇಷನ್ ಕಾರ್ಡು, ಆಧಾರು, ಮಗುವಿನ ನೋಟ್‌ಬುಕ್ಕು ಎಲ್ಲಾ ತಗೊಂಡೋಗಿ. ಒಂದೇ ದಿನಕ್ಕೆ ಮುಗಿಯಲ್ಲ, ಬೆಳಿಗ್ಗೆ ಬೇಗ ಹೋಗಿ ಕಾಯ್ಬೇಕು, ನಮಗೆ ನಾಲ್ಕು ಸಲ ಆಯ್ತು. ಮೊದಲು ಕಿವಿ ಟೆಸ್ಟು, ಆಮೇಲೆ ಬುದ್ಧಿಶಕ್ತಿ ಟೆಸ್ಟು, ಆಮೇಲೆ ಕನ್ನಡದಲ್ಲೇ ಓದಿಸಿ ಬರೆಸಿ ನೋಡಿದ್ರು. ಮಗು ಬುದ್ಧಿ ಚೆನ್ನಾಗಿದೆ, ಸೋಮಾರಿ ಅಲ್ಲ, ಅಕ್ಷರಕ್ಕೂ ಶಬ್ದಕ್ಕೂ ಗಂಟು ಹಾಕೋ ಕೆಲಸ ಅವನ ತಲೇಲಿ ನಿಧಾನ ಆಗುತ್ತೆ, ದಿನಾ ಸ್ವಲ್ಪ ಸ್ವಲ್ಪ ಮಾಡಿಸಿದ್ರೆ ಬರುತ್ತೆ ಅಂದ್ರು. ಮನೇಲಿ ಯಾರಿಗಾದ್ರೂ ಹಿಂಗಿತ್ತಾ ಅಂತ ಕೇಳಿದ್ರು, ಇದು ವಂಶದಲ್ಲಿ ಬರೋದುಂಟಂತೆ. ನಮ್ಮತ್ತೆ ಯಾವಾಗ್ಲೂ ‘ಅವರಪ್ಪನೂ ಹಿಂಗೇ ಇದ್ದ’ ಅಂತಿದ್ದಿದ್ದು ಅಲ್ಲೇ ನೆನಪಾಯ್ತು. ನಮ್ಮ ಯಜಮಾನ್ರು ಏಳನೇ ಕ್ಲಾಸಿಗೆ ಬಿಟ್ಟೋರು. ಸಾಯಂಕಾಲ ರಿಪೋರ್ಟ್ ತಗೊಂಡು ‘ಏನು ಬರೆದಿದೆ, ಇನ್ನೊಂದ್ಸಲ ಓದೇ’ ಅಂದ್ರು, ಓದ್ದೆ, ಏನೂ ಮಾತಾಡ್ದೆ ಹೊರಗೆ ಜಗಲಿ ಮೇಲೆ ತುಂಬಾ ಹೊತ್ತು ಕೂತಿದ್ರು. ಅವತ್ತಿಂದ ಈ ಮನೇಲಿ ಆ ಮಗುಗೆ ಒಂದೇಟು ಬಿದ್ದಿಲ್ಲ.

ಅಲ್ಲೇ ಕಾಯ್ತಾ ಕೂತಿದ್ದಾಗ ಹಾಸನದ ಕಡೆಯಿಂದ ಬಂದಿದ್ದ ಒಬ್ರು ಅಕ್ಕ ಫೋನಲ್ಲಿ ಸ್ಟೋರಿವೀವರ್ ತೋರಿಸಿದ್ರು. ಬೆಂಗಳೂರಿನ ಪ್ರಥಮ್ ಬುಕ್ಸ್‌ನೋರು 2015ರಲ್ಲಿ ಶುರು ಮಾಡಿದ್ದಂತೆ. ಮಕ್ಕಳ ಕಥೆ ಪುಸ್ತಕಗಳು, ಪುಟಕ್ಕೊಂದು ಚಿತ್ರ, ಕನ್ನಡದಲ್ಲೂ ಬೇಕಾದಷ್ಟಿವೆ, ದುಡ್ಡು ಇಲ್ಲ. ಕಥೆಗಳನ್ನ ನಾಲ್ಕು ಲೆವೆಲ್ ಮಾಡಿದಾರೆ, ಮೊದಲನೇದ್ರಲ್ಲಿ ಒಂದು ಕಥೆ ಅಂದ್ರೆ 250 ಪದಕ್ಕಿಂತ ಕಮ್ಮಿ, ಒಂದು ಪುಟಕ್ಕೆ ಒಂದೋ ಎರಡೋ ಸಾಲು. ಓಪನ್ ಲೈಸೆನ್ಸ್ ಆಗಿರೋದ್ರಿಂದ ಪಿಡಿಎಫ್ ಇಳಿಸ್ಕೊಂಡು ಪ್ರಿಂಟ್ ಹಾಕಿಸ್ಕೋಬಹುದು, ಹಂಚಬಹುದು, ಯಾರೂ ಏನೂ ಕೇಳಲ್ಲ.

ನನ್ನ ಕಡೆಯಿಂದ 5ಕ್ಕೆ 5. ಆದ್ರೆ ಒಂದು ಮಾತು ತಿಳ್ಕೊಂಡು ತೆರೀರಿ, ಇದು ಓದೋದು ಕಲಿಸೋ ಆಪ್ ಅಲ್ಲ, ಪುಸ್ತಕದ ಬೀರು ಇದು. ಫೋನ್ ಮಗು ಕೈಗೆ ಕೊಟ್ಟು ನೀವು ಅಡುಗೆ ಮನೆಗೆ ಹೋದ್ರೆ ಅವನು ಚಿತ್ರ ನೋಡ್ಕೊಂಡು ತನ್ನದೇ ಕಥೆ ಕಟ್ಕೊಂಡು ಮುಂದೆ ಹೋಗ್ತಾನೆ. ನಮ್ಮವನು ಅದೇ ಮಾಡ್ತಿದ್ದ. ಆನೆ ಚಿತ್ರ ಇದ್ರೆ ‘ಆನೆ ನೀರು ಕುಡೀತಿದೆ’ ಅಂತಿದ್ದ, ಕೆಳಗೆ ಬರೆದಿರೋದು ‘ಆನೆಗೆ ಬಾಯಾರಿಕೆ’ ಅಂತ. ಪಕ್ಕದಲ್ಲಿ ಕೂರ್ಲೇಬೇಕು. ನಾವು ದಿನಾ 20 ನಿಮಿಷ ಅಂತ ಇಟ್ಕೊಂಡ್ವಿ, ಸಂಜೆ ದೀಪ ಹಚ್ಚಿದ ಮೇಲೆ, ಹಬ್ಬ ಆಗ್ಲಿ ನೆಂಟರು ಬರ್ಲಿ ತಪ್ಪಿಸ್ತಿರ್ಲಿಲ್ಲ, ಮಗು ಸುಸ್ತಾಗಿದ್ರೆ ಐದೇ ನಿಮಿಷ ಆದ್ರೂ ಸರಿ.

ನಾನು ಮಾಡಿದ್ದು ಹೇಳ್ತೀನಿ. ಹಳೇ ಲಗ್ನಪತ್ರಿಕೆ ಇರುತ್ತಲ್ಲ, ದಪ್ಪ ಕಾಗದದ್ದು, ಅದ್ರಲ್ಲಿ ಬ್ಲೇಡಿಂದ ಒಂದು ಪದ ಕಾಣೋವಷ್ಟು ಕಿಟಕಿ ಕತ್ತರಿಸ್ದೆ. ಪ್ರಿಂಟ್ ಮೇಲೆ ಅದನ್ನ ಇಟ್ಟು ಒಂದೊಂದೇ ಪದ ಸರಿಸ್ಕೊಂಡು ಹೋಗೋದು. ಚಿತ್ರ ಮುಚ್ಚಿಹೋಗುತ್ತೆ, ಪಕ್ಕದ ಪದವೂ ಕಾಣಲ್ಲ, ಊಹೆ ಮಾಡೋಕೆ ದಾರಿ ಇಲ್ಲ, ಅಕ್ಷರನೇ ನೋಡ್ಬೇಕು. ಪುಟ ಮುಗಿದ್ಮೇಲೆ ಕಾಗದ ತೆಗೆದು ಚಿತ್ರ ನೋಡೋದು, ಅದು ಅವನಿಗೆ ಬಹುಮಾನ. ಮೊದಮೊದಲು 20 ನಿಮಿಷಕ್ಕೆ ಮೂರು ಸಾಲು ಆಗ್ತಿತ್ತು. ಎಡವಿದ ಅಕ್ಷರಾನ ಮೊರದಲ್ಲಿ ರಾಗಿ ಹರಡಿ ಬೆರಳಲ್ಲಿ ಬರೆಸ್ತಿದ್ದೆ, ಬಾಯಲ್ಲಿ ಶಬ್ದ ಹೇಳ್ಕೊಂಡೇ ಬರೀಬೇಕು. ಮ ಮತ್ತೆ ಯ ಬೇರೆ ಬೇರೆ ಅಂತ ಗಟ್ಟಿ ಆಗೋಕೇ ಮೂರು ವಾರ ಹಿಡೀತು.

ಕಥೆ ಆರಿಸೋದ್ರಲ್ಲೂ ಒಂದು ಉಪಾಯ ಇದೆ. ಪದ ಎಷ್ಟಿದೆ ಅಂತ ಮಾತ್ರ ನೋಡ್ಬೇಡಿ, ಒತ್ತಕ್ಷರ ಎಷ್ಟಿದೆ ನೋಡಿ. ನಮ್ಮ ಕನ್ನಡದಲ್ಲಿ ಮಕ್ಕಳು ಸಿಕ್ಕಾಕ್ಕೊಳ್ಳೋದೇ ಅಲ್ಲಿ. ‘ಅಕ್ಕ’ ಅಂದ್ರೆ ಕೆಳಗಿರೋದು ಚಿಕ್ಕ ಕ ಅಂತ ಗೊತ್ತಾಗುತ್ತೆ, ‘ಅಮ್ಮ’ ‘ಅಣ್ಣನ ಬೆನ್ನು’ ‘ಹತ್ತು’ ಇದ್ರಲ್ಲೆಲ್ಲ ಮ, ನ, ತ ಒತ್ತುಗಳು ಮೇಲಿನ ಅಕ್ಷರದ ಥರ ಇರೋದೇ ಇಲ್ಲ, ಬೇರೆಯೇ ಗೆರೆ. ಅದಕ್ಕೆ ನಾನು ಒತ್ತಿಲ್ಲದ ಸಾಲು ಜಾಸ್ತಿ ಇರೋ ಕಥೆ ಮೊದಲು ಪ್ರಿಂಟ್ ಹಾಕಿಸ್ದೆ, ಆಮೇಲೆ ಅದೇ ಅಕ್ಷರದ ಒತ್ತು, ಕೊನೇಗೆ ಸಜಾತಿ ಅಲ್ದೇ ಇರೋ ಒತ್ತು. ಒಂದಿನ ‘ಸೂರ್ಯ’ ಬಂತು. ಕಿಟಕಿ ಇಟ್ಟೆ. ‘ಸೂ... ಯ...’ ಅಂದು ನಿಂತ್ಬಿಟ್ಟ, ಆಮೇಲೆ ‘ಅಮ್ಮಾ, ಇಲ್ಲಿ ಒಂಬತ್ತು ಯಾಕೆ ಬರೆದಿದಾರೆ?’ ಅಂದ. ನಾನು ಬಗ್ಗಿ ನೋಡಿದ್ರೆ ಅರ್ಕಾವತ್ತು! ಗೋಡೆ ಕ್ಯಾಲೆಂಡರ್‌ನಲ್ಲಿರೋ ಕನ್ನಡದ ೯ ಹೆಂಗಿದೆಯೋ ಹಂಗೇ ಇದೆ ಅದು. ಮೂವತ್ತು ವರ್ಷ ಓದ್ಕೊಂಡು ಬಂದಿದೀನಿ, ಒಂದಿನಕ್ಕೂ ನನಗೆ ಹಂಗೆ ಕಂಡಿರ್ಲಿಲ್ಲ. ಸಾಲದ್ದಕ್ಕೆ ಅದನ್ನ ಬರೆಯೋದು ಕೊನೇಲಿ, ಹೇಳೋದು ಮೊದಲು. ಆ ಮಗು ಎಷ್ಟು ಗಮನ ಕೊಟ್ಟು ನೋಡ್ತಿತ್ತು ಅಂತ ಅವತ್ತು ಅರ್ಥ ಆಯ್ತು, ಗಮನ ಕೊಡಲ್ಲ ಅಂದಿದ್ರಲ್ಲ ಸ್ಕೂಲಲ್ಲಿ.

ಇಂಗ್ಲಿಷ್‌ನಲ್ಲಿ 26 ಅಕ್ಷರ ಕಲ್ತು ಮುಗೀತು ಅನ್ನೋ ಹಂಗೆ ಕನ್ನಡದಲ್ಲಿ ಆಗಲ್ಲ, ಗುಣಿತ, ಒತ್ತು ಎಲ್ಲಾ ಸೇರಿದ್ರೆ ನೂರಾರು ಆಕಾರ. ಕನ್ನಡ ಓದೋ ಮಕ್ಕಳ ಮೇಲೆ ಸೋನಾಲಿ ನಾಗ್ ಅನ್ನೋರು ಅಧ್ಯಯನ ಮಾಡಿ 2007ರಲ್ಲಿ ಬರೆದಿದಾರೆ, ಚೆನ್ನಾಗಿ ಓದೋ ಮಕ್ಕಳಿಗೂ ಅಕ್ಷರ ಪೂರ್ತಿ ಕೈಗೆ ಬರೋಕೆ ನಾಲ್ಕನೇ ಕ್ಲಾಸ್ ತನಕ ಹಿಡಿಯುತ್ತೆ ಅಂತ. ಒಂದನೇ ಕ್ಲಾಸಲ್ಲೇ ಬರ್ಲಿಲ್ಲ ಅಂತ ಮಗೂನ ಬೈಕೊಂಡು ಕೂತಿದ್ದೋರು ಇದನ್ನ ತಿಳ್ಕೊಳ್ಳಿ.

ರೀಡ್‌ಅಲಾಂಗ್ ಅಂತ ಒಂದಿದೆ ಸ್ಟೋರಿವೀವರ್‌ನಲ್ಲಿ, ಧ್ವನಿ ಓದ್ತಾ ಹೋದಂಗೆ ಪದಕ್ಕೆ ಬಣ್ಣ ಬರುತ್ತೆ. ನಮ್ಮವನಿಗೆ ಅದನ್ನ ಮೊದಲು ತೋರಿಸಿದ್ರೆ ಬಾಯಿಪಾಠ ಮಾಡ್ಕೊಂಡ್ಬಿಡ್ತಿದ್ದ, ಅದಕ್ಕೆ ಆರು ತಿಂಗಳು ಆದ್ಮೇಲೆ ಉಲ್ಟಾ ಮಾಡ್ದೆ: ಮೊದಲು ಅವನು ಓದ್ಬೇಕು, ಆಮೇಲೆ ಫೋನಿನ ಜೊತೆ ಅದೇ ವೇಗದಲ್ಲಿ ಹೇಳ್ಬೇಕು. ಓದೋ ಓಟ ಬಂದಿದ್ದು ಇದರಿಂದ. ರಾತ್ರಿ ಮಲಗೋವಾಗ ಮಾತ್ರ ಅವನ ಲೆವೆಲ್‌ಗಿಂತ ಮೇಲಿನ ಕಥೆ ನಾನೇ ಓದ್ತೀನಿ, ಅವನು ಸುಮ್ನೆ ಕೇಳ್ಬೇಕು. ಓದು ಹಿಂದೆ ಬಿದ್ದಿದ್ರೂ ಮಾತು, ತಿಳುವಳಿಕೆ ಹಿಂದೆ ಬೀಳ್ಬಾರ್ದು ಅಂತ ವಾಕ್ ಶ್ರವಣ ಸಂಸ್ಥೆಯ ಮೇಡಂ ಹೇಳಿದ್ರು, ಆ ಮಾತು ಬಂಗಾರ.

ಖರ್ಚು ಕೇಳ್ತೀರಲ್ಲ. ಜೆರಾಕ್ಸ್ ಅಂಗಡೀಲಿ ಕಪ್ಪು ಬಿಳುಪು ಪುಟಕ್ಕೆ 2 ರೂಪಾಯಿ, ಒಂದು ಕಥೆಗೆ ಮೂವತ್ತು ರೂಪಾಯಿ ಒಳಗೇ ಆಯ್ತು, ತಿಂಗಳಿಗೆ ನಾಲ್ಕೈದು ಕಥೆ. ಎರಡು ವರ್ಷದ ಪ್ರಿಂಟ್ ಎಲ್ಲಾ ಸೇರಿಸಿದ್ರೂ ಆ ಸೆಂಟರ್‌ನ ಒಂದು ತಿಂಗಳ ಫೀಸ್ ದಾಟಿಲ್ಲ. ಹೊಲಿಗೆ ಮಷೀನಲ್ಲೇ ಬೆನ್ನಿಗೆ ಹೊಲಿಗೆ ಹಾಕಿ ಪುಸ್ತಕ ಮಾಡಿಟ್ಟಿದೀನಿ, ಈಗ ನೂರು ಹತ್ತಿರ ಇದೆ, ಪಕ್ಕದ ಮನೆ ಮಕ್ಕಳೂ ತಗೊಂಡೋಗ್ತಾರೆ. ಬೇಸಿಗೇಲಿ ತವರಿಗೆ ಹೋದಾಗ ಗ್ರಾಮ ಪಂಚಾಯ್ತಿ ಲೈಬ್ರರೀಲಿ ಮೆಂಬರ್ ಮಾಡಿಸ್ದೆ, 2020ರಲ್ಲಿ ‘ಓದುವ ಬೆಳಕು’ ಅಂತ ಸರ್ಕಾರದ ಕಾರ್ಯಕ್ರಮ ತಂದಿದ್ರಲ್ಲ, 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಮೆಂಬರ್‌ಶಿಪ್ ಫ್ರೀ. ಹಳ್ಳೀಲಿರೋರು ಪ್ರಿಂಟ್‌ಗೂ ದುಡ್ಡು ಹಾಕ್ಬೇಕಿಲ್ಲ, ಅಲ್ಲಿಂದಾನೇ ಶುರು ಮಾಡಿ.

ಕಥೆ ಪುಸ್ತಕದಿಂದ ಆಗದೇ ಇರೋದೂ ಇದೆ. ಸ್ಪೆಲಿಂಗ್ ಇನ್ನೂ ಕಷ್ಟ, ಡಿಕ್ಟೇಶನ್ ಕೊಟ್ರೆ ದೀರ್ಘ ಹಾರಿಹೋಗುತ್ತೆ, ಇಂಗ್ಲಿಷ್ ಅಂತೂ ಈಗ ಶುರು ಮಾಡಿದೀವಿ ಅಷ್ಟೇ. ಪರೀಕ್ಷೇಲಿ ಟೈಮ್ ಸಾಲಲ್ಲ. ಅದಕ್ಕೆ ಬೇಕಾಗೋದು ಸರ್ಟಿಫಿಕೇಟು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಹೇಳಿರೋ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆನೂ (ಅಂದ್ರೆ ಇಂಥ ಓದು ಬರೆಯೋ ತೊಂದರೆ) ಒಂದು, ಮಗುಗೆ 8 ವರ್ಷ ತುಂಬಿದ್ಮೇಲೆ ಕೊಡ್ತಾರೆ, ಅದಿದ್ರೆ ಮುಂದೆ ಎಸ್ಸೆಸ್ಸೆಲ್ಸೀಲಿ ಹೆಚ್ಚುವರಿ ಟೈಮ್, ಬರೆಯೋಕೆ ಸಹಾಯಕರು ಅಂತ ಅನುಕೂಲ ಕೇಳ್ಬಹುದು. ಆ ಹೆಸರು ಬೇಡ, ಜನ ಏನಂತಾರೆ ಅಂತ ನಮ್ಮಮ್ಮ ಅತ್ತರು. ನಾನು ಮಾಡಿಸ್ದೆ. ಕಣ್ಣು ಮಂಜಾದ್ರೆ ಕನ್ನಡಕ ಹಾಕಲ್ವಾ ಅಮ್ಮ, ಅಂದೆ.

ಈಗ ಐದನೇ ಕ್ಲಾಸು, ಲೆವೆಲ್ ಎರಡರ ಕಥೆ ಕಿಟಕಿ ಇಲ್ದೆ ಓದ್ತಾನೆ, ನಿಧಾನಕ್ಕೆ, ಬೆರಳಿಟ್ಕೊಂಡು, ಮೂರರದ್ದು ಇಬ್ರೂ ಪುಟ ಹಂಚ್ಕೊಂಡು ಓದ್ತೀವಿ. ಕಳೆದ ವಾರ ನನಗೆ ಅರ್ಜೆಂಟ್ ಬ್ಲೌಸ್ ಇತ್ತು, ಮಷೀನ್ ಬಿಟ್ಟು ಏಳೋಕಾಗ್ಲಿಲ್ಲ, ಯಜಮಾನ್ರು ಚಾಪೆ ಹಾಕ್ಕೊಂಡು ಅವನ ಪಕ್ಕ ಕೂತ್ರು. ಒಂದು ಪುಟ ಅವನು, ಒಂದು ಪುಟ ಇವರು. ಇಬ್ಬರ ಬೆರಳೂ ಒಂದೇ ಸಾಲಿನ ಕೆಳಗೆ ಓಡ್ತಿತ್ತು. ‘ಸ್ಪರ್ಶ’ ಅನ್ನೋ ಕಡೆ ಇವರು ತಡವರಿಸಿದ್ರು, ‘ಅಪ್ಪಾ ಅದು ಒಂಬತ್ತಲ್ಲ, ಮೊದಲು ರ್ ಅನ್ನು’ ಅಂದ. ಜೂನ್‌ನಲ್ಲಿ ಮತ್ತೆ ಮಾನಸಗಂಗೋತ್ರಿಗೆ ಹೋಗೋದಿದೆ, ಈ ಸಲ ಇಂಗ್ಲಿಷ್ ಹೆಂಗೆ ಶುರು ಮಾಡೋದು ಅಂತ ಕೇಳ್ಬೇಕು, ಬಂದ್ಮೇಲೆ ಅದನ್ನೂ ಇಲ್ಲೇ ಬರೀತೀನಿ.