ಅಲರ್ ನಿಘಂಟಿನಲ್ಲಿ ‘ನಾಚಿಕೆಗೇಡು’ ಹುಡುಕುವವರಿಗೆ

ಉಚಿತ ಆನ್‌ಲೈನ್ ಕನ್ನಡ–ಇಂಗ್ಲಿಷ್ ನಿಘಂಟುಗಳಲ್ಲಿ ವಿ. ಕೃಷ್ಣ ಅವರ ಅಲರ್‌ಗೇ ಮೊದಲ ಮಣೆ. 1 ಲಕ್ಷಕ್ಕೂ ಹೆಚ್ಚು ಪದಗಳಿವೆ. ಕನ್ನಡ ಕೀಲಿಮಣೆ ಇಲ್ಲದಿದ್ದರೂ ಇಂಗ್ಲಿಷ್ ಅಕ್ಷರಗಳಲ್ಲೇ ಹುಡುಕಬಹುದು. ಆದರೆ ‘ನಾಚಿಕೆಗೇಡು’ ತರದ ಪದಕ್ಕೆ ಇಂಗ್ಲಿಷ್ ಅರ್ಥವೊಂದೇ ಸಾಲದು, ಬಳಕೆಯೂ ಗೊತ್ತಿರಬೇಕು.

ನಾಚಿಕೆ + ಕೇಡು: ಆದೇಶ ಸಂಧಿಯಲ್ಲಿ ‘ಕ’ ಹೋಗಿ ‘ಗ’ ಬಂದಿದೆ. ಹಾಗಾಗಿ ಬಿಡಿಯಾಗಿ ‘ಗೇಡು’ ಎಂದು ಹುಡುಕಬೇಡಿ, ‘ಕೇಡು’ ನೋಡಿ. ನಡತೆಗೆ ‘ನಾಚಿಕೆಗೇಡು’, ಹಾಗೆ ನಡೆದುಕೊಂಡವನು ‘ನಾಚಿಕೆಗೇಡಿ’. ಬರೆಯುವವರು ಎಡವುವುದು ಇಲ್ಲೇ: ‘ನಾಚಿಕೆಗೇಡಿ ಕೆಲಸ’ ಅಲ್ಲ, ‘ನಾಚಿಕೆಗೇಡಿನ ಕೆಲಸ’. ಮದುಮಗಳ ನಾಚಿಕೆ ಚೆಂದ. ಲಂಚಕ್ಕೆ ಕೈಚಾಚುವುದು ನಾಚಿಕೆಗೇಡು. ‘ಮಾನಗೇಡಿ’ ಇನ್ನೂ ಕಟು, ಬೈಗುಳವೇ ಸರಿ.

ಪದದ ತೂಕ ತಿಳಿಸುವ ಇಂಥ ಉದಾಹರಣೆ ವಾಕ್ಯಗಳು ಅಲರ್‌ಗೆ ಬಂದರೆ ಕಲಿಯುವವರಿಗೆ ದೊಡ್ಡ ಉಪಕಾರ.