14,000 ವಿಳಾಸ, ನಾಲ್ಕು ದಾರಿ: ನಮ್ಮ ತಿಂಗಳ ಮೇಲ್‌ಗೆ ಒಗ್ಗಿದ್ದು ಯಾವುದು?

ಮಂಗಳೂರಿನ ಹಂಪನಕಟ್ಟೆಯಲ್ಲಿ ನಮ್ಮದು ಆರು ಜನರ ಸಣ್ಣ ಕಂಪನಿ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಗೇರುಬೀಜ ಮಾರುತ್ತೇವೆ. ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮುಂಬೈ, ಬೆಂಗಳೂರು, ದುಬೈಯಲ್ಲಿರುವ ಊರಿನವರೇ. ದುಬೈಯವರು ರಜೆಗೆ ಬರುವ ಮೊದಲೇ ಆರ್ಡರ್ ಕೊಟ್ಟು, ವಾಪಸ್ ಹೋಗುವಾಗ ಕಟ್ಟಿಸಿಕೊಂಡು ಹೋಗುತ್ತಾರೆ. ಇವರಿಗೆಲ್ಲ ಪ್ರತಿ ತಿಂಗಳು ಕನ್ನಡದಲ್ಲಿ ಒಂದು ಮೇಲ್ ಕಳಿಸುತ್ತೇವೆ. ಯಾವ ಮಾಲು ಬಂದಿದೆ, ಯಾವುದು ಮುಗಿಯುತ್ತಾ ಬಂದಿದೆ, ಜೊತೆಗೆ ಒಂದು ಅಡುಗೆ. ಅದನ್ನು ಬರೆಯುವವಳು ನಾನು. ಪಟ್ಟಿ 14,000 ದಾಟಿದ ಮೇಲೆ ಹಳೆಯ ಪದ್ಧತಿ ಕೈಕೊಟ್ಟಿತು. ಒಂದೂವರೆ ವರ್ಷದಲ್ಲಿ ನಾಲ್ಕು ದಾರಿ ಹಿಡಿದು ನೋಡಿದೆ.

ಹಳೆಯ ಪದ್ಧತಿ ಅಂದರೆ ಆಫೀಸ್ ಕಂಪ್ಯೂಟರ್‌ನಿಂದಲೇ ಮೇಲ್ ಮರ್ಜ್. ಎಕ್ಸೆಲ್ ಶೀಟಿನಿಂದ ಹೆಸರು, ವಿಳಾಸ ಎತ್ತಿಕೊಂಡು ಒಂದೊಂದಾಗಿ ಕಳಿಸುವುದು. ಐನೂರು ಜನರಿಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಆದರೆ ಸಾಧಾರಣ ಜಿಮೇಲ್ ಖಾತೆಯಿಂದ ದಿನಕ್ಕೆ 500 ಮೇಲ್ ಮಾತ್ರ ಹೋಗುತ್ತದೆ. ಕಂಪನಿಗಳಿಗೆ ಕೊಡುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 2,000. ನಮ್ಮ ಪಟ್ಟಿಗೆ ಅದೂ ಏಳು ದಿನದ ಕೆಲಸ. ಮಿಡಿ ಉಪ್ಪಿನಕಾಯಿ ಬಂದ ಸುದ್ದಿ ಕೊನೆಯವರಿಗೆ ಮುಟ್ಟುವಷ್ಟರಲ್ಲಿ ಭರಣಿ ಖಾಲಿ.

ಜುಲೈಯಲ್ಲಿ ಒಂದು ದಿನ ಗಾಳಿಮಳೆಗೆ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ನಿಂತಿತು, ಅಷ್ಟೇ. ಆ ದಿನದ 2,000ದಲ್ಲಿ ಯಾರಿಗೆ ಹೋಗಿದೆ, ಯಾರಿಗೆ ಹೋಗಿಲ್ಲ ಅಂತ ಸರಿಯಾಗಿ ಗೊತ್ತಾಗಲೇ ಇಲ್ಲ. ಇನ್ನೊಂದು ಕಷ್ಟ, ಬೇಡ ಅಂದವರ ಹೆಸರನ್ನು ಕೈಯಲ್ಲೇ ತೆಗೆಯಬೇಕು. ಒಬ್ಬ ಹಿರಿಯರು ಫೋನ್ ಮಾಡಿ, "ಎರಡು ಸಲ ಬೇಡ ಅಂತ ಬರೆದೆ ಮಾರಾಯ್ರೆ, ಆದ್ರೂ ಬರ್ತಾ ಉಂಟಲ್ಲ" ಅಂದರು. ಅವರದ್ದೇನೂ ತಪ್ಪಿಲ್ಲ. ಆವತ್ತೇ ಮೇಲ್ ಮರ್ಜ್ ನಿಲ್ಲಿಸಿದೆ.

ಮೊದಲು ಮೇಲ್‌ಚಿಂಪ್ ಹಿಡಿದೆ. ದೊಡ್ಡ ಪಟ್ಟಿಗೆ ನಮ್ಮ ಪರವಾಗಿ ಮೇಲ್ ಕಳಿಸಿಕೊಡುವ ಆನ್‌ಲೈನ್ ಸೇವೆ ಇದು. 2001ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಶುರುವಾದ ಕಂಪನಿ, 2021ರಿಂದ ಇಂಟ್ಯೂಟ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿದೆ. ಕಲಿಯಲು ಅರ್ಧ ದಿನ ಸಾಕು. ಚಿತ್ರ, ಬರಹ ಎಳೆದು ಕೂರಿಸಿದರೆ ಮೇಲ್ ಸಿದ್ಧ. ಇಲ್ಲಿ ಹಣ ನಿಲ್ಲುವುದು ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ. ಬೇಡ ಅಂತ ಹೊರಟು ಹೋದವರೂ ಆ ಲೆಕ್ಕಕ್ಕೆ ಸೇರುತ್ತಾರೆ, ನಾವಾಗಿ ಅವರನ್ನು ಆರ್ಕೈವ್‌ಗೆ ಹಾಕುವವರೆಗೆ. ತಿಂಗಳಿಗೆ ಒಂದೇ ಮೇಲ್ ಕಳಿಸುವ ನಮಗೆ ಇದು ಭಾರವೇ. ಆದರೆ ಬಿಲ್ ನೋಡಿ ನೋಡಿಯೇ ನಾನು ಪಟ್ಟಿ ತೊಳೆಯಲು ಕಲಿತೆ. 14,000ದಲ್ಲಿ ನಿಜವಾಗಿ ಜೀವ ಇದ್ದದ್ದು 11,000 ಚಿಲ್ಲರೆ ವಿಳಾಸಕ್ಕೆ.

ಬ್ರೆವೊ ಲೆಕ್ಕವೇ ಬೇರೆ. 2023ರವರೆಗೆ ಸೆಂಡಿನ್‌ಬ್ಲೂ ಅಂತ ಹೆಸರಿದ್ದ ಫ್ರಾನ್ಸಿನ ಕಂಪನಿ ಇದು. ಎಷ್ಟು ಮೇಲ್ ಕಳಿಸುತ್ತೀರೋ ಅಷ್ಟಕ್ಕೆ ದುಡ್ಡು. ಉಚಿತ ಪ್ಲ್ಯಾನ್‌ನಲ್ಲಿ ದಿನಕ್ಕೆ 300 ಮೇಲ್, ಅಂದರೆ ನಮ್ಮ ಪೂರ್ತಿ ಪಟ್ಟಿಗೆ 47 ದಿನ! ಅದು ಆಗದ ಮಾತು. ದುಡ್ಡು ಕೊಟ್ಟು ತೆಗೆದುಕೊಂಡರೆ, ದೊಡ್ಡ ಪಟ್ಟಿ ಇದ್ದು ಅಪರೂಪಕ್ಕೆ ಬರೆಯುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ನಡುವೆ ಚೆನ್ನೈಯವರ ಜೋಹೋ ಕ್ಯಾಂಪೇನ್ಸ್ ಕೂಡ ಸ್ವಲ್ಪ ದಿನ ನೋಡಿದೆ. ರೂಪಾಯಿಯಲ್ಲೇ ಬಿಲ್ ಬರುತ್ತದೆ ಅಂತ ನಮ್ಮ ಲೆಕ್ಕದವರಿಗೆ ಬಹಳ ಖುಷಿ.

ಕೊನೆಗೆ ಲಿಸ್ಟ್‌ಮಂಕ್. ಷೇರು ವ್ಯವಹಾರದ ಕಂಪನಿ ಝೆರೋಧಾದ ಕೈಲಾಶ್ ನಾಧ್ ಬರೆದ ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು. ನಮ್ಮದೇ ಬಾಡಿಗೆ ಸರ್ವರ್‌ನಲ್ಲಿ ಹಾಕಿಕೊಂಡೆವು. ಒಂದು ಸಣ್ಣ ಫೈಲ್, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಬೇರೇನೂ ಬೇಡ. ಅದು ಪಟ್ಟಿ ನೋಡಿಕೊಳ್ಳುತ್ತದೆ, ಮೇಲ್ ಸಾಗಿಸಲು ಬೇರೆ ಸೇವೆ ಬೇಕು. ನಾವು ಜೋಡಿಸಿದ್ದು ಅಮೆಜಾನ್ ಎಸ್‌ಇಎಸ್. ಸಾವಿರ ಮೇಲ್‌ಗೆ 10 ಸೆಂಟ್. ಇಡೀ 14,000ಕ್ಕೆ ಕಳಿಸಿದರೂ ಒಂದೂವರೆ ಡಾಲರ್ ಮುಟ್ಟುವುದಿಲ್ಲ.

ಇದನ್ನು ಕೇಳಿ ನಮ್ಮ ಮಾಲಕರು ಕೂಡಲೇ ಹೂಂ ಅಂದರು. ಆದರೆ ಅಗ್ಗ ಅಂತ ಸುಮ್ನೆ ಹಾರಬೇಡಿ. ಶುರುವಿನಲ್ಲಿ ಎಸ್‌ಇಎಸ್ ನಿಮ್ಮನ್ನು ಪರೀಕ್ಷೆಯ ಆವರಣದಲ್ಲಿ ಇಡುತ್ತದೆ. ಅಲ್ಲಿ ದಿನಕ್ಕೆ 200 ಮೇಲ್, ಅದೂ ಮೊದಲೇ ದೃಢಪಡಿಸಿದ ವಿಳಾಸಗಳಿಗೆ ಮಾತ್ರ. ಪಟ್ಟಿ ಹೇಗೆ ಕೂಡಿಸಿದಿರಿ, ಬೇಡ ಅಂದವರನ್ನು ಹೇಗೆ ತೆಗೆಯುತ್ತೀರಿ ಅಂತ ವಿವರಿಸಿ ಅನುಮತಿ ಕೇಳಬೇಕು. ಆಮೇಲೆ ಮುಟ್ಟದೆ ತಿರುಗಿ ಬರುವ ಮೇಲ್ ನೂರಕ್ಕೆ 5 ಆದರೆ ಖಾತೆಯನ್ನು ಪರಿಶೀಲನೆಗೆ ಹಾಕುತ್ತಾರೆ. 10 ದಾಟಿದರೆ ಕಳಿಸುವುದನ್ನೇ ತಡೆಹಿಡಿಯಬಹುದು.

ನನಗೆ ಹೆದರಿಕೆ ಇದ್ದದ್ದು ವಸ್ತುಪ್ರದರ್ಶನದ ಸ್ಟಾಲಿನಲ್ಲಿ ಇಟ್ಟಿದ್ದ ಪುಸ್ತಕದ ಬಗ್ಗೆ. ಅದರಲ್ಲಿ ಜನ ಅವಸರದಲ್ಲಿ ಬರೆದ 900 ವಿಳಾಸ ಇತ್ತು. ಜಿಮೇಲ್ ಅನ್ನುವ ಸ್ಪೆಲಿಂಗೇ ಐದಾರು ಬಗೆ. ಅದಕ್ಕಿಂತ ದೊಡ್ಡ ವಿಷಯ, ಅವರು ವಿಳಾಸ ಕೊಟ್ಟದ್ದು ಬಿಲ್‌ಗೆ, ತಿಂಗಳ ಮೇಲ್‌ಗೆ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದೆ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಇಲ್ಲಿ ಒಪ್ಪಿಗೆಯೇ ಇಲ್ಲ ಅಲ್ವಾ? ಆ 900ನ್ನು ಪೂರ್ತಿ ಬಿಟ್ಟೆ. ಹೊಸದಾಗಿ ಸೇರುವವರಿಗೆ ಈಗ ಮೊದಲು ಒಂದು ಮೇಲ್ ಹೋಗುತ್ತದೆ. ಅದರಲ್ಲಿ ಹೌದು ಅಂತ ಒತ್ತಿದರೆ ಮಾತ್ರ ಪಟ್ಟಿಗೆ ಸೇರಿಸುತ್ತೇವೆ.

ಯಾವ ದಾರಿ ಹಿಡಿದರೂ ತಪ್ಪದ ಕೆಲಸ ಒಂದಿದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರು ತಮ್ಮ ಡೊಮೇನ್‌ಗೆ (ಮೇಲ್ ವಿಳಾಸದಲ್ಲಿ @ ಆದ ಮೇಲಿನ ಹೆಸರು) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿರಬೇಕು. ಮೇಲ್ ನಿಜವಾಗಿ ನಮ್ಮಿಂದಲೇ ಬಂದದ್ದು ಅಂತ ಪರೀಕ್ಷಿಸಲು ಇರುವ ವ್ಯವಸ್ಥೆಗಳು ಇವು. ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ವ್ಯವಸ್ಥೆ ಇರಬೇಕು. ಸ್ಪ್ಯಾಮ್ ದೂರು ನೂರಕ್ಕೆ 0.3ರ ಕೆಳಗೆ ಇರಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕು. ಸುಮಾರು 102 ಕೆಬಿ (ಒಂದು ಕೆಬಿ ಅಂದರೆ ಸುಮಾರು ಸಾವಿರ ಬೈಟ್) ದಾಟಿದ ಮೇಲನ್ನು ಜಿಮೇಲ್ ಮಧ್ಯಕ್ಕೇ ಕತ್ತರಿಸಿ ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರ 1 ಬೈಟ್. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ಅರ್ಧಾಕ್ಷರದ ಚಿಹ್ನೆ, ಪ್ರತಿಯೊಂದಕ್ಕೂ 3 ಬೈಟ್. 'ಕುಚ್ಚಲಕ್ಕಿ' ಅನ್ನುವ ಒಂದೇ ಪದ 30 ಬೈಟ್! ಎಳೆದು ಕೂರಿಸುವ ಎಡಿಟರ್‌ಗಳು ಹಿಂದೆ ಬರೆಯುವ ಕೋಡ್ ಮೊದಲೇ ಭಾರ. ನನ್ನ ಉದ್ದ ಉದ್ದ ಅಡುಗೆ ವಿವರಣೆಯೂ ಸೇರಿ ಮೇಲ್‌ನ ಬಾಲ ಕತ್ತರಿಸಿ ಹೋಗುತ್ತಿತ್ತು. ಬೇಡ ಅನ್ನುವ ಕೊಂಡಿ ಇದ್ದದ್ದು ಆ ಬಾಲದಲ್ಲೇ. ಕೊಂಡಿ ಕಾಣದವರು ಸ್ಪ್ಯಾಮ್ ಗುಂಡಿ ಒತ್ತುತ್ತಿದ್ದರು. ಲಿಸ್ಟ್‌ಮಂಕ್‌ನಲ್ಲಿ ನಾವೇ ಬರೆದ ಸರಳ ಟೆಂಪ್ಲೇಟ್ ಹಾಕಿದ ಮೇಲೆ ಮೇಲ್ 30 ಕೆಬಿಗೆ ಇಳಿಯಿತು.

ಹಾಗಾಗಿ ನಾನು ಲಿಸ್ಟ್‌ಮಂಕ್‌ನಲ್ಲೇ ಉಳಿದೆ. ನಮ್ಮಲ್ಲಿ ಸರ್ವರ್ ನೋಡಿಕೊಳ್ಳುವ ಹುಡುಗ ಒಬ್ಬ ಇದ್ದಾನೆ, ಅದಕ್ಕೇ ಇದು ಸಾಧ್ಯವಾಯಿತು. ಅಪ್‌ಡೇಟ್, ಬ್ಯಾಕಪ್, ತಿರುಗಿ ಬಂದ ವಿಳಾಸಗಳ ಲೆಕ್ಕ ಜೋಡಿಸುವುದು, ಎಲ್ಲ ನಮ್ಮದೇ ತಲೆನೋವು. ಅಂಥವರು ಇಲ್ಲದ ಆಫೀಸಿನವರು ಬ್ರೆವೊ ತೆಗೆದುಕೊಳ್ಳಲಿ. ವಾರಕ್ಕೆರಡು ಸಲ ಸಣ್ಣ ಪಟ್ಟಿಗೆ ಬರೆಯುವವರಾದರೆ ಜನರ ಲೆಕ್ಕದಲ್ಲಿ ಹಣ ಕೊಡುವ ಮೇಲ್‌ಚಿಂಪ್ ಪದ್ಧತಿ ಸರಿಹೋಗಬಹುದು.

'ಇನ್ನು ಮುಂದೆ ಬೇಡ' ಅನ್ನುವ ಕೊಂಡಿಯನ್ನು ಈಗ ಮೇಲ್‌ನ ತಲೆಯಲ್ಲೇ ಇಟ್ಟಿದ್ದೇನೆ, ನಮಸ್ಕಾರದ ಕೆಳಗಿನ ಸಾಲಿನಲ್ಲಿ. ಮೊದಲ ತಿಂಗಳು 63 ಜನ ಅದನ್ನು ಒತ್ತಿ ಹೋದರು. ಫೋನ್ ಮಾಡಿದ್ದ ಆ ಹಿರಿಯರ ಹೆಸರನ್ನು ನಾನೇ ಹುಡುಕಿ ತೆಗೆದು, ಅವರಿಗೆ ಫೋನಿನಲ್ಲೇ ತಿಳಿಸಿದೆ.